ಕೆಳಗಿನ ಮನೆಗೆ ಹೋಗದ ದಿನಗಳು

ಪ್ರಭುದೇವನಿಗೆ ಅಂಗಡಿಯಲ್ಲಿ ಮಾತು ಎಷ್ಟು ಸಲೀಸೋ ಮನೆಯ ಹತ್ತಿರ ಅಷ್ಟೇ ಕಷ್ಟ. ಚಿಕ್ಕಪೇಟೆಯ ಒಂದು ರೇಷ್ಮೆ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಸೀರೆ ಬಿಚ್ಚಿ ತೋರಿಸುವ ಕೆಲಸ ಅವನದು. ಬಿಳಿ ಹಾಸಿನ ಮೇಲೆ ಕೂತು, "ಬನ್ನಿ ಅಮ್ಮ, ಚೆನ್ನಾಗಿದೀರಾ? ಮಗಳ ಮದುವೇನಾ?" ಎಂದು ಶುರು ಮಾಡಿದರೆ ಬಂದವರು ಬರಿಗೈಯಲ್ಲಿ ಏಳುವುದು ಅಪರೂಪ. ಅದೇ ಮನುಷ್ಯ ಸಂಜೆ ಚಾಮರಾಜಪೇಟೆಯ ತನ್ನ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ, ಒಳಗೆ ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕಿ ನೋಡುತ್ತಿದ್ದ. ಯಾರಾದರೂ ಕಂಡರೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೇಕೆಂದೇ ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಂಗಡಿಗೆ ಬರುವವರಿಗೆ ಏನೋ ಬೇಕಿರುತ್ತದೆ, ಆದ್ದರಿಂದ ಅವರೊಂದಿಗೆ ಏನು ಮಾತಾಡಬೇಕೆಂದು ಗೊತ್ತಿರುತ್ತದೆ. ಸುಮ್ಮನೆ ನಿಂತ ನೆರೆಯವರ ಹತ್ತಿರ ಏನು ಮಾತಾಡುವುದು ಎಂಬುದು ಅವನಿಗೆ ನಲವತ್ತಾರು ವರ್ಷವಾದರೂ ಗೊತ್ತಾಗಿರಲಿಲ್ಲ.

ಅದೊಂದು ಹಳೆಯ ಮನೆ. ಮೇಲಿನ ಅಂತಸ್ತಿನಲ್ಲಿ ಪ್ರಭುದೇವ, ಹೆಂಡತಿ ಹಂಸಾ, ಎಂಟನೇ ಕ್ಲಾಸಿನ ಮಗಳು ಶರಣ್ಯ. ಕೆಳಗೆ ಮುನಿನಾರಾಯಣಪ್ಪ, ಅವರ ಹೆಂಡತಿ ಸಪ್ಪಲಮ್ಮ, ಮಗ ಮುನಿರಾಜ್, ಸೊಸೆ ರಮ್ಯಾ. ಅವರದು ತರಕಾರಿ ವ್ಯಾಪಾರ. ಇಪ್ಪತ್ತೆರಡು ವರ್ಷದ ಹಿಂದೆ ಪ್ರಭುದೇವನ ತಂದೆಯಿಂದ ಕೆಳಗಿನ ಮನೆಯನ್ನು ಕೊಂಡು ಬಂದವರು. ಎರಡು ಮನೆಗೂ ಗೇಟು ಒಂದೇ. ಮೇಲೆ ಹತ್ತುವ ಮೆಟ್ಟಿಲು ಕೆಳಗಿನವರ ಬಾಗಿಲಿಗೆ ಒತ್ತಿಕೊಂಡೇ ಇದೆ. ಅವರ ಮನೆಯ ಒಗ್ಗರಣೆಯ ಘಾಟಿಗೆ ಕೆಮ್ಮುತ್ತಲೇ ಇವನು ದಿನಾ ಮೇಲೆ ಹತ್ತುತ್ತಿದ್ದ.

ಸಪ್ಪಲಮ್ಮ ದೊಡ್ಡ ದನಿಯ ಹೆಂಗಸು. ಬೆಳಗ್ಗೆ ಮಗ ತಂದ ಸೊಪ್ಪಿನಲ್ಲಿ ಒಂದು ಕಟ್ಟನ್ನು ಮೆಟ್ಟಿಲ ಕಂಬಿಗೆ ಸಿಕ್ಕಿಸಿ, "ಏನಪ್ಪ ಪ್ರಭು, ದಂಟಿನಸೊಪ್ಪು ಇಟ್ಟಿದೀನಿ, ಹಂಸಂಗೆ ಕೊಡು" ಎಂದು ಕೂಗುತ್ತಿದ್ದರು. ಪ್ರಭುದೇವ "ಹೂಂ" ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ಆಕೆಗೆ ಹೇಳಿದ ಮಾತುಗಳಲ್ಲಿ ಬಹುಪಾಲು ಆ "ಹೂಂ" ಒಂದೇ.

ಆ ಸಪ್ಪಲಮ್ಮ ಮೇ ತಿಂಗಳ ಒಂದು ಬುಧವಾರ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ, ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಹಂಸಾ ಮತ್ತು ಶರಣ್ಯ ಹಂಸಾಳ ತಮ್ಮನ ಗೃಹಪ್ರವೇಶಕ್ಕೆಂದು ತುಮಕೂರಿಗೆ ಹೋಗಿದ್ದರು. ಮನೆಯಲ್ಲಿ ಪ್ರಭುದೇವ ಒಬ್ಬನೇ. ಏಳು ಗಂಟೆಗೆ ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದಾಗ ಗೇಟಿನ ಮುಂದೆ ಸೌದೆ ಹೊಗೆಯಾಡುತ್ತಿತ್ತು. ಇಬ್ಬರು ಶಾಮಿಯಾನದ ಕಂಬ ನೆಡುತ್ತಿದ್ದರು. ಒಳಗಿನಿಂದ ಹೆಂಗಸರ ಅಳು ಕೇಳಿತು. ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲ ದನಿಗಳ ನಡುವೆ ಸಪ್ಪಲಮ್ಮನ ದನಿ ಇರಲಿಲ್ಲ.

ಅವನು ಸ್ನಾನ ಮಾಡಿದ, ವಿಭೂತಿ ಇಟ್ಟುಕೊಂಡ, ಕನ್ನಡಿಯ ಮುಂದೆ ನಿಂತು ಏನು ಹೇಳಬೇಕೆಂದು ಯೋಚಿಸಿದ. "ಹೀಗಾಗಬಾರದಿತ್ತು ಯಜಮಾನ್ರೇ." ಅಷ್ಟು ಸಾಕು. ಆಮೇಲೆ ಒಂದು ಮೂಲೆಯಲ್ಲಿ ಕೂತುಕೊಂಡರಾಯಿತು. ಇಪ್ಪತ್ತು ಮೆಟ್ಟಿಲಿನ ಉದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಇಳಿದ.

ಕೆಳಗೆ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುನಿನಾರಾಯಣಪ್ಪ ಕೂತಿದ್ದರು. ಪಕ್ಕದಲ್ಲಿ ಮುನಿರಾಜ್ ನಿಂತಿದ್ದ. ತೆರೆದ ಬಾಗಿಲಿನಿಂದ ಒಳಗೆ ಚಾಪೆಯ ಮೇಲೆ ಮಲಗಿಸಿದ್ದ ಸಪ್ಪಲಮ್ಮನ ಪಾದಗಳು ಕಂಡವು. ಮುದುಕ ತಲೆಯೆತ್ತಿ ನೋಡಿದರು. ಪ್ರಭುದೇವನ ಎರಡೂ ಕೈ ತಾವಾಗಿಯೇ ಕೂಡಿದವು, ಮುಖದ ಮೇಲೆ ಹದಿನೆಂಟು ವರ್ಷದ ಅಂಗಡಿಯ ನಗೆ ಬಂದು ಕೂತಿತು, ಬಾಯಿಯಿಂದ ಮಾತು ಹೊರಬಿತ್ತು:

"ಚೆನ್ನಾಗಿದೀರಾ?"

ಮುನಿನಾರಾಯಣಪ್ಪ, "ಹೂಂ ಸ್ವಾಮಿ, ಚೆನ್ನಾಗಿದೀನಿ" ಅಂದರು.

ಮುನಿರಾಜ್ ತಟ್ಟನೆ ಇವನ ಕಡೆ ತಿರುಗಿದ. ಪ್ರಭುದೇವನ ಕಿವಿ ಕಾದವು. ಆಡಿದ್ದನ್ನು ಸರಿಮಾಡಲು ಮತ್ತೊಂದು ಮಾತು ಬೇಕಿತ್ತು, ಅದು ಬರಲಿಲ್ಲ. ಗಡಿಯಾರ ನೋಡಿಕೊಂಡ. ಅಂಗಡಿಗೆ ಹೊತ್ತಾದವನಂತೆ ಸ್ಕೂಟರ್ ಹೊರಗೆ ತಳ್ಳಿ, ಹೊಗೆಯಾಡುತ್ತಿದ್ದ ಸೌದೆಯನ್ನು ಬಳಸಿ, ಸ್ಟಾರ್ಟ್ ಮಾಡಿ ಹೊರಟೇಬಿಟ್ಟ. ಅಂಗಡಿ ತೆರೆಯಲು ಇನ್ನೂ ಎರಡು ಗಂಟೆ ಇತ್ತು.

ಮಧ್ಯಾಹ್ನ ಹಂಸಾಳ ಫೋನ್ ಬಂತು. ಎದುರುಮನೆಯವರು ಅವಳಿಗೆ ಸುದ್ದಿ ತಿಳಿಸಿದ್ದರು.

"ರೀ, ಸಪ್ಪಲಮ್ಮ ಹೋಗ್ಬಿಟ್ರಂತೆ! ನಾಳಿದ್ದು ಗೃಹಪ್ರವೇಶ, ಬಿಟ್ಟು ಬರಕ್ಕಾಗಲ್ಲ. ನೀವು ಹೋಗಿದ್ರಾ?"

"ಹೋಗಿ ಬಂದೆ."

"ಕೂತಿದ್ರಾ ಸ್ವಲ್ಪ ಹೊತ್ತು?"

"ಹೂಂ, ಕೂತಿದ್ದೆ."

ಮುಂದೆ ಹರಡಿದ್ದ ಸೀರೆಯ ಮಡಿಕೆಯನ್ನು ಬೆರಳಿನಿಂದ ತೀಡುತ್ತಾ ಅವನು ಅಷ್ಟನ್ನು ಹೇಳಿ ಫೋನ್ ಇಟ್ಟ. ಆ ದಿನ ಬೇಕೆಂದೇ ಕತ್ತಲಾಗುವವರೆಗೂ ಅಂಗಡಿಯಲ್ಲಿ ಉಳಿದ. ಮನೆಗೆ ಬಂದಾಗ ಮಣ್ಣು ಮಾಡಿ ಬಂದವರು ಗೇಟಿನ ಬಳಿ ಕಾಲು ತೊಳೆಯುತ್ತಿದ್ದರು. ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ.

ನಾಳೆ ಹೋಗೋಣ ಅಂದುಕೊಂಡ. ನಾಳೆ ಬಂದಾಗ, ನಿನ್ನೆ ಹೋಗದವನು ಇವತ್ತು ಏನೆಂದು ಹೋಗುವುದು ಅನ್ನಿಸಿತು. ಮೂರನೇ ದಿನ ಹಾಲುತುಪ್ಪ. ಅವತ್ತು ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಸುಗಂಧರಾಜದ ದೊಡ್ಡ ಹಾರ ಕೊಂಡ. ಹಾರವಿದ್ದರೆ ಮಾತು ಬೇಕಿಲ್ಲ, ಫೋಟೋಗೆ ಹಾಕಿ ಕೈಮುಗಿದರಾಯಿತು. ಗೇಟಿನವರೆಗೆ ಬಂದ. ಒಳಗೆ ಮುನಿರಾಜ್ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಮೇಲಿನೋರಾ? ಅವ್ರು ಬರಲ್ಲ ಬಿಡಿ ಮಾವ. ನಮ್ಮನೇಲಿ ಬಂದು ಕೂರ್ತಾರಾ ಅವ್ರು?"

ಪ್ರಭುದೇವ ಚಪ್ಪಲಿಯ ಸದ್ದಾಗದಂತೆ ಮೇಲೆ ಹೋದ. ಹಾರವನ್ನು ಎಲ್ಲಿಡುವುದೆಂದು ತೋಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಕೊನೆಗೆ ಗೋಡೆಯ ಮೇಲಿದ್ದ ತನ್ನ ತಾಯಿ ಶೈಲಜಮ್ಮನ ಫೋಟೋಗೆ ಹಾಕಿದ. ಅಮ್ಮನ ಮುಖವನ್ನು ನೋಡಲಾಗಲಿಲ್ಲ.

ಅಲ್ಲಿಂದ ಮುಂದೆ ಕಳ್ಳನ ಬಾಳು. ಬೆಳಗ್ಗೆ ಕೆಳಗಿನ ಬಾಗಿಲು ತೆರೆಯುವ ಮೊದಲೇ ಹೊರಡುವುದು, ಸ್ಕೂಟರನ್ನು ಗೇಟಿನ ಹೊರಗೆ ಪಕ್ಕದ ರಸ್ತೆಯಲ್ಲಿ ನಿಲ್ಲಿಸುವುದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವುದು. ಒಂಬತ್ತನೇ ದಿನ ಬಾಗಿಲು ಬಡಿದ ಸದ್ದಾಯಿತು. "ಅಣ್ಣಾ, ನಾನು ರಮ್ಯಾ, ಕೆಳಗಡೆ ಮನೆಯವಳು" ಎಂದು ಕೂಗಿದಳು. ಅವನು ಎದ್ದು ಫ್ಯಾನ್ ಆರಿಸಿದ. ಉಸಿರು ಬಿಗಿಹಿಡಿದು ನಿಂತ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಹನ್ನೊಂದನೇ ದಿನದ ತಿಥಿಯ ಕಾರ್ಡು ಜಾರಿ ಒಳಗೆ ಬಂತು. ಅದರ ಮೇಲಿನ ಸಪ್ಪಲಮ್ಮನ ಚಿತ್ರ ಯಾವುದೋ ಮದುವೆಯಲ್ಲಿ ತೆಗೆದದ್ದು, ಬಾಯ್ತುಂಬ ನಗುತ್ತಿದ್ದರು. ಹನ್ನೊಂದನೇ ದಿನ ಅವನು ರಜೆ ಸಿಗುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡು ಅಂಗಡಿಗೆ ಹೋದ. ಕೇಳಿದ್ದರೆ ರಜೆ ಸಿಗುತ್ತಿತ್ತು.

ಶರಣ್ಯಳಿಗೆ ಜ್ವರ ಬಂದದ್ದರಿಂದ ಹಂಸಾ ಬಂದದ್ದು ತಿಥಿ ಮುಗಿದು ಮೂರು ದಿನದ ಮೇಲೆ. ಚೀಲ ಇಟ್ಟವಳೇ ಮುಖ ತೊಳೆದು ಕೆಳಗೆ ಹೋದಳು. ಪ್ರಭುದೇವ ಅಡುಗೆಮನೆಯ ಕಟ್ಟೆ ಹಿಡಿದು ನಿಂತ. ಈಗ ಗೊತ್ತಾಗುತ್ತದೆ. "ನಿಮ್ಮ ಯಜಮಾನ್ರು ಬರ್ಲೇ ಇಲ್ಲವಲ್ಲಮ್ಮ" ಅನ್ನುತ್ತಾರೆ. ಅವಳು ಮೇಲೆ ಬಂದು ಏನನ್ನುತ್ತಾಳೋ! ಆದರೆ ಅರ್ಧ ಗಂಟೆಯ ಮೇಲೆ ಬಂದ ಹಂಸಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಪಾಪ ರೀ, ಎಷ್ಟು ಸೊರಗಿಹೋಗಿದಾರೆ ಮುನಿನಾರಾಯಣಪ್ಪನವರು. 'ನನಗೆ ಬರಕ್ಕಾಗ್ಲಿಲ್ಲ, ನಮ್ಮೋರು ಬಂದಿದ್ರಲ್ಲ' ಅಂದೆ. 'ಹೌದಮ್ಮ, ಬಂದಿದ್ರು, ತುಂಬ ಹೊತ್ತು ಕೂತಿದ್ರು, ಹಾರಾನೂ ಹಾಕಿದ್ರು' ಅಂದ್ರು."

"ಹಾರ ಹಾಕಿದ್ರು ಅಂದ್ರಾ?"

"ಹೂಂ. ಮುನಿರಾಜ್ ಅಲ್ಲೇ ಕೂತಿದ್ದ, ಯಾಕೋ ತಟ್ಟನೆ ಎದ್ದು ಹೊರಗೆ ಹೋಗ್ಬಿಟ್ಟ. ಅವನಿಗೂ ದುಃಖ ತಡೆಯಕ್ಕಾಗ್ತಿಲ್ಲ ಪಾಪ." ಹಂಸಾಳ ಕಣ್ಣು ಗೋಡೆಯ ಮೇಲೆ ಒಣಗಿ ಕಂದಾಗಿದ್ದ ಸುಗಂಧರಾಜದ ಕಡೆ ಹೋಯಿತು. "ಅತ್ತೆಗೂ ಒಂದು ತಂದ್ರಾ? ಒಳ್ಳೇ ಕೆಲಸ ಮಾಡಿದ್ರಿ."

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಹೆಂಡತಿ ಸತ್ತು ಹದಿನಾಲ್ಕು ದಿನವಾದ ಮುದುಕ, ಇವನ ಮಾನ ಉಳಿಸಲು, ಮಗನ ಎದುರಿಗೇ ಸುಳ್ಳು ಹೇಳಿದ್ದರು. ಮರುದಿನ ಅಂಗಡಿಯಲ್ಲಿ ಪ್ರಭುದೇವ ಒಬ್ಬರಿಗೆ ಕೇಳಿದ ಬಣ್ಣ ಬಿಟ್ಟು ಬೇರೆ ಬಣ್ಣ ತೆಗೆದುಕೊಟ್ಟ. ಯಜಮಾನರು "ಏನಾಗಿದೆ ಪ್ರಭುದೇವ್?" ಎಂದು ಕೇಳಿದರು. ಏನಿಲ್ಲ ಅಂದ. ಐದು ದಿನ ಹೀಗೆ ಕಳೆದು, ಭಾನುವಾರ ಮಧ್ಯಾಹ್ನ ಹಂಸಾ ಮಗಳನ್ನು ಕರೆದುಕೊಂಡು ಪುಸ್ತಕ ಕೊಳ್ಳಲು ಹೋದಾಗ, ಅವನು ಏನನ್ನೂ ಅಭ್ಯಾಸ ಮಾಡದೆ ಮೆಟ್ಟಿಲಿಳಿದು ಕೆಳಗಿನ ಬಾಗಿಲು ತಟ್ಟಿದ.

ಮುನಿರಾಜ್ ತೆಗೆದ. "ಹೇಳಿ ಸಾರ್."

"ಯಜಮಾನ್ರು ಇದಾರಾ?"

ಮುನಿರಾಜ್ ಪಕ್ಕಕ್ಕೆ ಸರಿದ. ಪ್ರಭುದೇವ ಹೊಸ್ತಿಲು ದಾಟಿದ. ದಾಟಿದ ಮೇಲೆ ಅವನಿಗೆ ಹೊಳೆಯಿತು, ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯ ಒಳಗೆ ಬಂದದ್ದು ಇದೇ ಮೊದಲು. ಅಪ್ಪ ಮಾರುವ ಮೊದಲು ತಾನೇ ಆಡಿ ಬೆಳೆದ ನಡುಮನೆ ಅದು, ಈಗ ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ದೊಡ್ಡ ಟೀವಿ.

ಮುನಿನಾರಾಯಣಪ್ಪ ದಿವಾನದ ಮೇಲೆ ಕೂತಿದ್ದರು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಅಂದರು.

ಕೂತ. ಪಕ್ಕದ ಮನೆಯ ಮಿಕ್ಸಿ ತಿರುಗಿ ನಿಂತಿತು.

"ಅವತ್ತು ನಾನು ಬರ್ಬೇಕಿತ್ತು" ಅಂದ ಪ್ರಭುದೇವ.

ಪರವಾಗಿಲ್ಲ ಬಿಡಿ ಸ್ವಾಮಿ ಅನ್ನುತ್ತಾರೆಂದು ಅವನ ಒಳಗೆಲ್ಲೋ ಆಸೆಯಿತ್ತು. ಮುದುಕ ಅವನನ್ನು ನೇರವಾಗಿ ನೋಡಿದರು. "ಹೌದು ಸ್ವಾಮಿ. ಬರ್ಬೇಕಿತ್ತು."

"ಬಾಯಿ ತಪ್ಪಿ ಏನೋ ಕೇಳ್ಬಿಟ್ಟೆ. ಆಮೇಲೆ ಮುಖ ತೋರ್ಸೋಕೆ ಆಗ್ಲಿಲ್ಲ."

"ಏನು ಕೇಳಿದ್ರಿ?"

ಅದನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳಬೇಕಾಗುತ್ತದೆಂದು ಅವನು ಎಣಿಸಿರಲಿಲ್ಲ. "ಚೆನ್ನಾಗಿದೀರಾ ಅಂತ."

ಮುನಿನಾರಾಯಣಪ್ಪ ಹುಬ್ಬು ಗಂಟಿಕ್ಕಿ ಯೋಚಿಸಿದರು. "ನಂಗೆ ಗ್ಯಾಪ್ಕಾನೇ ಇಲ್ಲ. ಅವತ್ತು ಯಾರು ಏನು ಕೇಳಿದ್ರೋ, ನಾನೇನು ಹೇಳಿದ್ನೋ! ನೀವು ಹೊರಟಿದ್ದು ಗ್ಯಾಪ್ಕ ಐತೆ. ಸ್ಕೂಟರ್ ಸ್ಟಾರ್ಟ್ ಮಾಡಿದ್ರಲ್ಲ, ಆ ಸದ್ದು ಗ್ಯಾಪ್ಕ ಐತೆ. ಬರ್ತಾರೆ, ಸಾಯಂಕಾಲ ಬರ್ತಾರೆ ಅಂತಿದ್ದೆ."

"ನಂಗೆ ಜ್ಞಾಪಕ ಇದೆ ಸಾರ್" ಅಂದ ಮುನಿರಾಜ್. ಅವನು ಇನ್ನೂ ಬಾಗಿಲ ಬಳಿಯೇ ನಿಂತಿದ್ದ. "ನೀವು ಕೇಳಿದ್ದು, ನಕ್ಕಿದ್ದು, ಎಲ್ಲಾ ಜ್ಞಾಪಕ ಇದೆ. ನಿಮ್ಮ ತಾಯಿ ಹೋದಾಗ ಏನಾಯ್ತು ಅನ್ನೋದೂ ಜ್ಞಾಪಕ ಇದೆ. ನಿಮಗಿದ್ಯಾ?"

ಇತ್ತು. ನಾಲ್ಕು ವರ್ಷದ ಹಿಂದೆ ಶೈಲಜಮ್ಮ ತೀರಿಕೊಂಡಾಗ ಮೊದಲು ಮೆಟ್ಟಿಲು ಹತ್ತಿ ಬಂದವರು ಸಪ್ಪಲಮ್ಮ. ದಿನವಿಡೀ ಹೊಸ್ತಿಲ ಹೊರಗೆ ಕೂತಿದ್ದರು. ಸಂಜೆ ಎಲ್ಲರಿಗೂ ಇಡ್ಲಿಯ ಪೊಟ್ಟಣಗಳನ್ನು ತರಿಸಿ ಕೊಟ್ಟು, "ತಿನ್ನಪ್ಪ ಪ್ರಭು, ಹೊಟ್ಟೆಗಿಲ್ದೆ ಇರ್ಬಾರ್ದು" ಅಂದಿದ್ದರು.

"ಇಡ್ಲಿ ತಂದಿದ್ದು ನಾನೇ" ಅಂದ ಮುನಿರಾಜ್. "ಮನೇಲಿ ಅನ್ನ ಸಾರು ಮಾಡಿ ಇಟ್ಟಿದ್ಲು ರಮ್ಯಾ. ನಿಮಗೇ ಅಂತ, ಸೊಪ್ಪಿನ ಸಾರು. ಅಮ್ಮ ಬೇಡ ಅಂದ್ಲು. ನಮ್ಮನೇದು ಅವ್ರು ತಿನ್ನಲ್ಲ ಕಣೋ, ಹೋಟ್ಲಿಂದ ತಾ ಅಂತ ನನ್ನನ್ನ ಓಡಿಸಿದ್ಲು."

"ಸುಮ್ನಿರೋ" ಅಂದರು ಮುನಿನಾರಾಯಣಪ್ಪ.

ಪ್ರಭುದೇವ ಅವತ್ತು ಹಸಿದಿದ್ದ, ಆರು ಇಡ್ಲಿ ತಿಂದಿದ್ದ. ಎಂಥ ಒಳ್ಳೆಯ ಹೆಂಗಸು ಎಂದುಕೊಂಡಿದ್ದ. ಕೆಳಗೆ ಒಲೆಯಿರುವ ಮನೆಯಿಂದ ಹೋಟೆಲಿನ ಪೊಟ್ಟಣ ಯಾಕೆ ಬಂತು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಕಂಬಿಗೆ ಸಿಕ್ಕಿಸುತ್ತಿದ್ದದ್ದೂ ಯಾವಾಗಲೂ ಹಸಿ ಸೊಪ್ಪೇ. ಬೇಯಿಸಿದ್ದನ್ನು ಆಕೆ ಒಂದು ದಿನವೂ ಕೊಡಲಿಲ್ಲ. ಕೊಟ್ಟಿದ್ದರೆ ತನ್ನ ಅಮ್ಮ ಏನು ಮಾಡುತ್ತಿದ್ದಳೆಂದು ಅವನಿಗೆ ಗೊತ್ತು. ಸಪ್ಪಲಮ್ಮನಿಗೂ ಗೊತ್ತಿತ್ತು.

"ನಾನು ಜಾತಿ ಅಂತ ಬರದೇ ಇದ್ದೋನಲ್ಲ ಮುನಿರಾಜ್" ಅಂದ. "ನಾಚಿಕೆ ಆಯ್ತು. ಹೆದರ್ಕೊಂಡೆ. ನಂಗೆ ಜನರ ಹತ್ರ ಮಾತಾಡಕ್ಕೆ ಬರಲ್ಲ, ಅಷ್ಟೇ."

"ಇರಬಹುದು ಸಾರ್. ಆದ್ರೆ ನಮಗೆ ಹೆಂಗ್ ಗೊತ್ತಾಗ್ಬೇಕು? ಕೆಳಗಡೆಯಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ."

ತನ್ನ ಸಂಕೋಚ ತನ್ನೊಬ್ಬನ ಕಷ್ಟ, ಅದರಿಂದ ಯಾರಿಗೂ ನೋವಿಲ್ಲ ಎಂದೇ ಪ್ರಭುದೇವ ಬದುಕಿದ್ದ. ಸಪ್ಪಲಮ್ಮನ ಕೂಗಿಗೆಲ್ಲ ಅವನು ಕೊಟ್ಟ "ಹೂಂ" ಈ ಮನೆಯೊಳಗೆ ಹೇಗೆ ಕೇಳಿಸಿರಬಹುದು ಎಂದು ಈಗ ಕೂತು ಕೇಳಿಸಿಕೊಂಡ. ಇನ್ನೂ ಒಂದು ಪ್ರಶ್ನೆ ಅವನನ್ನು ಚುಚ್ಚಿತು: ಕೆಳಗಿನವರು ತನ್ನ ಜಾತಿಯವರೇ ಆಗಿದ್ದರೆ, ಹನ್ನೊಂದು ದಿನ ಹೀಗೆ ಬಚ್ಚಿಟ್ಟುಕೊಳ್ಳಲು ತನಗೆ ಧೈರ್ಯ ಬರುತ್ತಿತ್ತೇ? ಇಲ್ಲ ಎಂದು ಎದೆ ಮುಟ್ಟಿ ಹೇಳಲೂ ಆಗಲಿಲ್ಲ, ಹೌದು ಎನ್ನಲೂ ಆಗಲಿಲ್ಲ.

"ಯಾಕೆ ಹಂಸಾ ಹತ್ರ ಹಾಗೆ ಹೇಳಿದ್ರಿ?" ಎಂದು ಮುದುಕನನ್ನು ಕೇಳಿದ. "ನಾನು ಬಂದಿದ್ದೆ ಅಂತ, ಹಾರ ಹಾಕಿದ್ದೆ ಅಂತ."

ಮುನಿನಾರಾಯಣಪ್ಪ ಪಂಚೆಯ ಅಂಚನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡರು. "ಆ ಹೆಣ್ಮಗಳ ಮುಖ ನೋಡಿ ಹೇಳ್ದೆ. ಇನ್ನೊಂದು, ಇವನು ಅವತ್ತಿನಿಂದ ಅದೇ ಮಾತು ಆಡ್ತಾವ್ನೆ, ಮೇಲಿನೋರು ಬರಲ್ಲ, ಬರಲ್ಲ ಅಂತ. ಅವನ ಮಾತು ನಿಜ ಆಗೋದು ನಂಗೆ ಬೇಡವಾಗಿತ್ತು ಸ್ವಾಮಿ. ಇಪ್ಪತ್ತೆರಡು ವರ್ಷ ಒಂದೇ ಗೇಟಲ್ಲಿ ಓಡಾಡಿದೀವಿ."

ರಮ್ಯಾ ತಟ್ಟೆಯಲ್ಲಿ ಕಾಫಿ ತಂದು ಅವನ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅದನ್ನು ನೋಡುತ್ತಲೇ ಮುನಿನಾರಾಯಣಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿ, ಹೊರಗೆ ಏನೋ ಇದೆಯೆಂಬಂತೆ ನೋಡತೊಡಗಿದರು. ಕುಡಿಯದೆ ಬಿಟ್ಟರೂ ನಾನು ನೋಡಲಿಲ್ಲ ಎನ್ನಲು ಅವಕಾಶವಿರಲಿ ಎಂದು. ಅದು ಪ್ರಭುದೇವನಿಗೆ ಅರ್ಥವಾಯಿತು. ಲೋಟ ಎತ್ತಿಕೊಂಡ. ಬಿಸಿ ಆರುವವರೆಗೆ ಕಾಯುವಷ್ಟು ತಾಳ್ಮೆಯಿಲ್ಲದೆ ಕುಡಿದು ನಾಲಗೆ ಸುಟ್ಟುಕೊಂಡ. ಮುನಿರಾಜ್ ಅದನ್ನು ನೋಡಿದ, ನೋಡಿ ಹೊರಗೆ ಹೋದ.

ಆಮೇಲೆ ಮುದುಕ ತಾವಾಗಿಯೇ ಮಾತಾಡಿದರು. ಮಂಗಳವಾರ ಸಾಯಂಕಾಲದವರೆಗೂ ಸಪ್ಪಲಮ್ಮ ಚೆನ್ನಾಗಿಯೇ ಇದ್ದರಂತೆ. ಅವರೆಕಾಳಿನ ಕಾಲವಲ್ಲ, ಆದರೂ ಹಿದುಕಿದ ಬೇಳೆ ತಿನ್ನಬೇಕು ಅನ್ನಿಸ್ತಿದೆ ಎಂದು ಮಗನನ್ನು ಪೀಡಿಸಿದ್ದರಂತೆ. ಆಸ್ಪತ್ರೆಯಲ್ಲಿ ಬಳೆ ತೆಗೆಯಲು ನರ್ಸು ಕೇಳಿದಾಗ ಕೊಡುವುದಿಲ್ಲವೆಂದು ಜಗಳವಾಡಿದರಂತೆ. ಹೇಳುತ್ತಾ ನಡುವೆ ನಕ್ಕರು, ನಗುತ್ತಲೇ ಅತ್ತರು. ಪ್ರಭುದೇವ ಕೇಳುತ್ತಾ ಕೂತ. ಹೇಳಬೇಕಾದದ್ದು ಏನೂ ಇರಲಿಲ್ಲ, ಅಷ್ಟು ಹೊತ್ತು ಕೂತಿರುವುದೇ ಕೆಲಸ ಎಂದು ಅವನಿಗೆ ತಡವಾಗಿ ತಿಳಿಯಿತು. ಹತ್ತೊಂಬತ್ತು ದಿನ ತಡವಾಗಿ.

ಆ ಸಂಜೆ ಹಂಸಾಳಿಗೆ ಎಲ್ಲವನ್ನೂ ಹೇಳಿದ, ಫೋನಿನ ಸುಳ್ಳಿನಿಂದ ಹಿಡಿದು ಹಾರದವರೆಗೆ. ಅವಳು ಕೊನೆಯವರೆಗೂ ಅಡ್ಡ ಮಾತಾಡದೆ ಕೇಳಿದಳು.

"ನಾನು ಅವರೆದುರಿಗೆ ಕೂತು ಏನೇನು ಹೇಳಿದೆ ಗೊತ್ತಾ?" ಅಂದಳು ಆಮೇಲೆ. "ನಮ್ಮೋರು ಮಾತು ಕಮ್ಮಿ, ಆದ್ರೆ ಕಷ್ಟ ಅಂದ್ರೆ ಮೊದಲು ಹೋಗಿ ನಿಲ್ತಾರೆ ಅಂದೆ. ಆ ಹುಡುಗ ಕೇಳಿಸ್ಕೊಂಡು ಎದ್ದು ಹೋದ. ದುಃಖಕ್ಕೆ ಅಂದ್ಕೊಂಡಿದ್ದೆ ನಾನು." ಎದ್ದು ಹೋಗಿ ಶೈಲಜಮ್ಮನ ಫೋಟೋದಿಂದ ಒಣಗಿದ ಹಾರ ತೆಗೆದು ಕಸದ ಬುಟ್ಟಿಗೆ ಹಾಕಿದಳು. ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಕೆಳಗೆ ಹೋಗಿ ಬಂದಳು. ಏನು ಮಾತಾಯಿತೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಪ್ರಭುದೇವ ವಾರಕ್ಕೆ ಎರಡು ಮೂರು ಸಲ ಅಂಗಡಿಯಿಂದ ಬಂದವನೇ ಕೆಳಗಿನ ಮನೆಯಲ್ಲಿ ಹತ್ತು ನಿಮಿಷ ಕೂರುತ್ತಾನೆ. ಮಾತು ಇನ್ನೂ ತಡವರಿಸುತ್ತದೆ. ಟೊಮೆಟೊ ದರ, ನೀರಿನ ಟ್ಯಾಂಕರ್, ಶರಣ್ಯಳ ಶಾಲೆ, ಅಷ್ಟರಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಇಬ್ಬರೂ ಟೀವಿ ನೋಡುತ್ತಾರೆ. ಮುನಿನಾರಾಯಣಪ್ಪ ಕೆಲವು ದಿನ ಅವನ ಕಡೆ ತಿರುಗಿಯೂ ನೋಡದೆ ಕೂತಿರುತ್ತಾರೆ. ಅಂಥ ದಿನ ಎದ್ದು ಹೋಗಿಬಿಡಬೇಕೆಂದು ಕಾಲು ತುಡಿಯುತ್ತದೆ, ಆದರೂ ಕೂತಿರುತ್ತಾನೆ.

ಅವನು ಬಂದು ಕೂತ ಕೂಡಲೇ ಮುನಿರಾಜ್ ಮಾತ್ರ ಎದ್ದು, ಬೈಕಿನ ಕೀಲಿ ತೆಗೆದುಕೊಂಡು ಹೊರಗೆ ಹೋಗುತ್ತಾನೆ. ಒಂದು ದಿನ ರಮ್ಯಾ ಸಂಕೋಚದಿಂದ, "ಏನೂ ಅಂದ್ಕೋಬೇಡಿ ಅಣ್ಣ, ಸರಿ ಹೋಗ್ತಾರೆ" ಅಂದಳು.

"ಇಲ್ಲಮ್ಮ" ಅಂದ ಪ್ರಭುದೇವ. "ಅವನು ಹೋಗ್ಲಿ ಬಿಡು."

ಹೊರಗೆ ಬೈಕ್ ಸ್ಟಾರ್ಟ್ ಆಗಿ, ರಸ್ತೆಯ ತಿರುವಿನಲ್ಲಿ ಅದರ ಸದ್ದು ಅಡಗುವವರೆಗೂ ಅವನು ಕಿವಿಗೊಟ್ಟು ಕೂತಿದ್ದ.